ಎಕ್ಕದ ಮದುವೆ

"ಹೆಣ್ಣು ನೋಡಾಕೆ ಹಾಕ್ಕೊಂಡ್ ಹೋಗ್ತಿದ್ಯಲ್ಲ, ಅದೇ ಅಂಗಿ ಹಾಕ್ಕೊಂಡ್ ಬಾರೋ" ಎಂದು ಸೋದರಮಾವ ತಿಪ್ಪೇರುದ್ರಪ್ಪ ಅಂಗಳದಿಂದ ಕೂಗಿದಾಗ ಹಾಲೇಶ ಆ ಬಿಳಿ ಅಂಗಿಯ ಗುಂಡಿಯನ್ನೇ ಹಾಕಿಕೊಳ್ಳುತ್ತಿದ್ದ. ಹರಿಹರ, ದಾವಣಗೆರೆ ಅಂತ ಆ ಅಂಗಿ ತಿರುಗದ ಜಾಗವಿಲ್ಲ. ಉಪ್ಪಿಟ್ಟಿನ ರುಚಿ ಮನೆಮನೆಗೆ ಬೇರೆ; "ಹೊಲ ಮಾಡೋರು ಬ್ಯಾಡ" ಎಂಬ ಮಾತು ಎಲ್ಲ ಕಡೆಯೂ ಒಂದೇ. ಹುಚ್ಚು ಬಿಡದೆ ಮದುವೆಯಾಗುವುದಿಲ್ಲ, ಮದುವೆಯಾಗದೆ ಹುಚ್ಚು ಬಿಡುವುದಿಲ್ಲ ಎಂದು ಕೊಕ್ಕನೂರಿನ ಕಟ್ಟೆಯ ಮೇಲೆ ಅವನನ್ನು ಕಿಚಾಯಿಸುತ್ತಿದ್ದವರು, ನಲವತ್ತು ದಾಟಿದ ಮೇಲೆ ಕಿಚಾಯಿಸುವುದನ್ನೂ ಬಿಟ್ಟರು. ಅವನಿಗೆ ಹೆಚ್ಚು ನೋವಾದದ್ದು ಆಗಲೇ.

ತಮ್ಮ ಗಣೇಶ ಹರಿಹರದಲ್ಲಿ ಕಾರ್ಖಾನೆ ಕೆಲಸಕ್ಕಿದ್ದ; ಅವನಿಗೆ ಹೆಣ್ಣು ಸಿಕ್ಕಿತು. ಆದರೆ ಬಾತಿ ಊರಿನ ಬೀಗರು ಪಟ್ಟು ಹಿಡಿದರು. ಅಣ್ಣ ಹಾಗೇ ಕೂತಿರುವಾಗ ತಮ್ಮನಿಗೆ ಮಾಡಿದರೆ ದೋಷ, ಅಣ್ಣ ಮೊದಲು ಎಕ್ಕದ ಗಿಡಕ್ಕೆ ತಾಳಿ ಕಟ್ಟಲಿ ಎಂದರು. ಕಟ್ಟಿದರೆ ಮದುವೆಯಾದ ಲೆಕ್ಕ, ಹಾಲೇಶನ ಕಥೆ ಮುಗಿದ ಹಾಗೆ, ಇನ್ನು ಯಾರೂ ಅವನಿಗಾಗಿ ಹೆಣ್ಣಿನ ಮಾತೆತ್ತುವುದಿಲ್ಲ. ಕಟ್ಟದಿದ್ದರೆ ತಮ್ಮನ ಮದುವೆ ನಿಲ್ಲುತ್ತದೆ. ಅಣ್ಣನ ಮುಖ ನೋಡಲಾರದೆ ಗಣೇಶ ಒರೆಸಿದ ಬೈಕನ್ನೇ ಮತ್ತೆ ಒರೆಸುತ್ತಿದ್ದ.

"ಸಾಕು, ನಡಿ" ಎಂದು ಹಾಲೇಶನೇ ಕರೆದ.

ಗದ್ದೆಯ ಮೂಲೆಯ ಎಕ್ಕಕ್ಕೆ ಹಸಿರು ರವಿಕೆಕಣ ಸುತ್ತಿದ್ದರು. ಸೋದರತ್ತೆ ಓಬಕ್ಕ ಆಚೆ ಬದುವಿನಲ್ಲೇ ನಿಂತಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು, ಶುಭಕಾರ್ಯದಲ್ಲಿ ದೂರ ನಿಲ್ಲುವುದು ಅವಳಿಗೆ ಅಭ್ಯಾಸ.

ಅರಿಶಿನದ ಕೊಂಬಿನ ದಾರ ಹಿಡಿದು ಹಾಲೇಶ ಬಗ್ಗಿದ.

"ಮೆಲ್ಲಕೆ ಕಟ್ಟೋ, ಹೆಣ್ಣು ನಾಚ್ಕಂತೈತೆ!" ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಅವನಿಗೂ ನಗು ಬಂತು, ನಗುತ್ತಲೇ ಕಣ್ಣು ತುಂಬಿತು. ಗಂಟು ಹಾಕುವಾಗ ಎಲೆಯೊಂದು ಮುರಿದು ಅದರ ಹಾಲು ಬೆರಳಿಗೆ ಅಂಟಿತು. ಇಷ್ಟು ವರ್ಷಗಳಲ್ಲಿ ಒಂದು ಹೆಣ್ಣಿನ ಕೈಯನ್ನೂ ಹಿಡಿಯದ ಬೆರಳುಗಳು.

ತಿಪ್ಪೇರುದ್ರಪ್ಪ ಕುಡುಗೋಲು ಚಾಚಿದ. "ಈಗ ಕಡಿ. ಹೆಂಡ್ತಿ ಸತ್ಲು ಅಂತ ಲೆಕ್ಕ, ದೋಷ ಹೋತು."

"ಈಗಿನ್ನೂ ಕಟ್ಟೀನಿ, ಮಾವ. ಆಗ್ಲೇ ಕಡಿಯಾದಾ?"

"ಶಾಸ್ತ್ರ ಐತಲ್ಲಪ್ಪ. ಗಿಡಕ್ಕೆ ಯಾಕ ಅಷ್ಟು ಮರುಗ್ತೀ?"

"ಬ್ಯಾಡ."

"ಇರ್ಲಿ ಬಿಡ್ರಿ" ಎಂದು ಆಚೆ ಬದುವಿನಿಂದ ಓಬಕ್ಕನ ದನಿ ಬಂತು. "ತಾಳಿ ಕಟ್ಟಿದ್ನಲ್ಲ, ಗಣೇಶಂಗೆ ಅಷ್ಟು ಸಾಕು. ಗಿಡ ಹಾಲೇಶಂದು."

ಅಂಥ ಜಾಗದಲ್ಲಿ ಅವಳು ಬಾಯಿ ಬಿಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ತಿಪ್ಪೇರುದ್ರಪ್ಪ ಗೊಣಗುತ್ತ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಗಣೇಶನ ಮದುವೆ ಚೆನ್ನಾಗಿಯೇ ಆಯಿತು. ಬೇಸಿಗೆಯಲ್ಲಿ ಕಾಲುವೆಗೆ ನೀರು ಬಿಟ್ಟ ದಿನ, ಬುತ್ತಿ ತಂದ ಹೊಸ ಸೊಸೆ ಅಂಬಿಕಾ ಗದ್ದೆಯ ಹತ್ತಿರ ನಿಂತು ಕೇಳಿದಳು. "ಭಾವ, ನೀರು ಅತ್ಲಾಗೆ ಯಾಕ ತಿರುಗಿಸ್ತೀರಿ? ಅಲ್ಲೇನೂ ಬೆಳೆ ಇಲ್ಲಲ್ರಿ."

"ಒಂದು ಗಳಿಗೆ, ತಾಯಿ" ಎಂದ ಹಾಲೇಶ. ಎಕ್ಕಕ್ಕೆ ಯಾರೂ ನೀರು ಹಾಕುವುದಿಲ್ಲ; ಅದು ಬೇಡುವುದೂ ಇಲ್ಲ. ಅವನು ಸಲಿಕೆಯಿಂದ ಅಂಗೈ ಅಗಲ ಮಣ್ಣು ಸರಿಸಿ, ನೀರು ಬುಡ ಮುಟ್ಟುವ ತನಕ ನಿಂತ.

ಕಾಂಡದ ದಾರವನ್ನು ಅಂಬಿಕಾ ಕಂಡಳು. ಬುತ್ತಿಯ ಗಂಟನ್ನು ಎಕ್ಕದ ಇಷ್ಟಗಲ ನೆರಳಿನಲ್ಲಿ ಇಟ್ಟು ಹೋದಳು.