ಯಾರ ಬಲಗೈ

"ಇನ್ನೂ ಮುನಿಸ್ಕಂಡೇ ಐತಾ ನಿನ್ ಬಲೆ?"

ಬುಡನ್ ಸಾಬರು ಟೀ ಲೋಟವನ್ನು ಯಶೋದಾಳ ಲ್ಯಾಪ್‌ಟಾಪಿಗೆ ತಗಲದಷ್ಟು ದೂರದಲ್ಲಿಟ್ಟು, ಪ್ಲಾಸ್ಟಿಕ್ ಸ್ಟೂಲನ್ನು ಎಳೆದುಕೊಂಡು ಕೂತರು.

"ಮುನಿಸಲ್ಲ ಚಾಚಾ, ಹಟ. ಬುಡದಾಗೆಲ್ಲ ಸರಿ ಕೂರ್ತೈತೆ. ತುದಿಗೆ ಹೋದ್ರೆ ಕೆಂಪು."

"ನಮ್ ಮನೆಯಾಕೆ ತಾಜ್ ಬೀನೂ ಹಂಗೇ. ಮದುವಿಗೆ ಹೊರಡೋತಂಕ ಸರಿ ಇರ್ತಾಳೆ. ಬಾಗಿಲಿಗೆ ಬಂದ್ರೆ ಕೆಂಪು."

ಹಿರಿಯೂರಿನ ಹೊರಗೆ, ಹೆದ್ದಾರಿ ಪಕ್ಕದ ಶೆಡ್ಡು ಅದು. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ರೆಕ್ಕೆ ಸೀಳಿದರೆ ರಿಪೇರಿಗೆ ಇಲ್ಲಿಗೇ ಬರುತ್ತದೆ. ಗಾಜಿನ ಎಳೆಯ ಬಟ್ಟೆಯನ್ನು ಅಂಟಿನಲ್ಲಿ ನೆನೆಸಿ, ಪದರದ ಮೇಲೆ ಪದರ ಕೂರಿಸಿ ತೇಪೆ ಹಾಕುವುದು ಸಾಬರ ಕಸುಬು. ಅವರ ಅಜ್ಜ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. "ಅವರಿಗೆ ಒಂದೇ ಪದರ ಸಾಕಾಗ್ತಿತ್ತು, ಪುಣ್ಯವಂತರು" ಎಂದು ಸಾಬರು ಆಗಾಗ ನಗುತ್ತಿದ್ದರು.

ಹೋದ ವರ್ಷ ಲಕ್ವ ಹೊಡೆದು ಅವರ ಬಲಗೈ ಸೋತಿತ್ತು. ಚೇತರಿಸಿಕೊಂಡ ಮೇಲೆ ಹಾಕಿದ ಮೊದಲ ತೇಪೆ ಈ ರೆಕ್ಕೆಯದು. ಗಾಳಿಯಂತ್ರದವರ ಕಡೆಯ ಎಂಜಿನಿಯರ್ ಕನಕರಾಜ್ ಬಂದು, ಸವರಿ ನೋಡಿ, ಸಂಕೋಚದಿಂದಲೇ ಹೇಳಿ ಹೋಗಿದ್ದ: "ಕೆಲ್ಸ ಚೆನ್ನಾಗೈತೆ ಸಾಬ್ರೆ. ಆದ್ರೆ ಗಾಳಿಗೆ ತಡೀತೈತೆ ಅನ್ನೋ ಲೆಕ್ಕ ಸಂಜೆಯೊಳಗೆ ಕೊಡ್ರಿ. ಇಲ್ಲಾಂದ್ರೆ ಕಿತ್ತು ಬೇರೆಯವ್ರ ಕೈಲಿ ಹಾಕ್ಸಾಣ."

"ಕಿತ್ರೆ ಕಿತ್ಲಿ" ಎಂದಿದ್ದರು ಸಾಬರು. ಹಾಗೆಂದರೂ ಬೆಳಗಿನಿಂದ ಎಡಗೈಯಲ್ಲಿ ಬಲಗೈಯ ಮಣಿಕಟ್ಟು ತಿಕ್ಕುತ್ತಲೇ ಇದ್ದರು. ಯಶೋದಾ ಅದನ್ನು ನೋಡಿಯೂ ನೋಡದ ಹಾಗಿದ್ದಳು.

ಹರಿಯಬ್ಬೆಯ ಕುರಿಗಾರರ ಮನೆಯ ಹುಡುಗಿ ಅವಳು. ಡಿಪ್ಲೊಮಾ ಮುಗಿಸಿ, ಈ ಲೆಕ್ಕದ ಸಾಫ್ಟ್‌ವೇರನ್ನು ವಿಡಿಯೊ ನೋಡಿ ನೋಡಿ ಕಲಿತಿದ್ದಳು. ಕಂಪ್ಯೂಟರು ರೆಕ್ಕೆಯನ್ನು ಇಡಿಯಾಗಿ ನುಂಗಲಾರದು. ಸಣ್ಣ ಸಣ್ಣ ಇಟ್ಟಿಗೆಗಳಾಗಿ ಒಡೆದು ಕೊಡಬೇಕು. ಆ ಇಟ್ಟಿಗೆಗಳ ಜೋಡಣೆಗೇ ಮೆಶ್ ಎನ್ನುವುದು, ಸಾಬರ ಬಾಯಲ್ಲಿ ಬಲೆ. ಪದರ ಕಾಗದದಷ್ಟು ತೆಳ್ಳಗಿರುವುದರಿಂದ ಇಟ್ಟಿಗೆಯೂ ಚಪ್ಪಟೆಯಾಗಿರಬೇಕು: ಪದರದ ಉದ್ದಕ್ಕೆ ಚಾಚಿಕೊಂಡು, ದಪ್ಪದ ಕಡೆ ಸಣಕಲಾಗಿ. ಬುಡದಲ್ಲಿ ಹಾಗೇ ಕೂತಿದ್ದವು. ತೇಪೆ ಇದ್ದ ತುದಿಯಲ್ಲಿ ಮಾತ್ರ ಪದರಗಳನ್ನೇ ಅಡ್ಡ ಸೀಳಿ, ಹೊಟ್ಟೆ ಬೆನ್ನು ಅದಲುಬದಲಾಗಿ ಬಿದ್ದು, ಪರದೆಯ ಮೇಲೆ ತಪ್ಪಿನ ಕೆಂಪು ಬಣ್ಣದಲ್ಲಿ ಕಾಣುತ್ತಿದ್ದವು. ಇಟ್ಟಿಗೆಗಳನ್ನೆಲ್ಲ ಇನ್ನೂ ಸಣ್ಣ ಮಾಡಿ ನೋಡಿದ್ದಳು. ಕಂಪ್ಯೂಟರು ಏದುಸಿರು ಬಿಟ್ಟು ನಿಂತುಬಿಟ್ಟಿತ್ತು.

ಅಷ್ಟರಲ್ಲಿ ಸಾಬರ ಫೋನು ಬಡಿದುಕೊಂಡಿತು. ರೆಕ್ಕೆ ಒಯ್ಯಲು ಬರುತ್ತಿದ್ದ ಲಾರಿಯ ಮರುಳಸಿದ್ದಪ್ಪ. ಅವನ ದನಿ ಶೆಡ್ಡಿಗೆಲ್ಲ ಕೇಳುತ್ತಿತ್ತು.

"ಸಾಬ್ರೆ, ನೀವು ಹೇಳ್ದಂಗೆ ಬಲಗೈ ಕಡೆ ತಿರುಗಿದೆ. ಯಾರದೋ ದಾಳಿಂಬೆ ತೋಟದಾಗೆ ನಿಂತೀನಿ. ನಾಯಿ ಬಿಟ್ಟವ್ರೆ."

"ಎಲ್ಲಿಂದ ಬಂದೆ ನೀನು?"

"ಐಮಂಗಲದಿಂದ."

"ಹಂಗಾರೆ ನಿಂಗೆ ಎಡಗೈ ಆಗ್ತೈತಲ್ಲೋ. ನಾನು ಹೇಳಿದ್ದು ನನ್ ಬಲಗೈ."

"ನಿಮ್ ಬಲಗೈ ನಾನೆಲ್ಲಿಂದ ತರ್ಲಿ? ಸ್ಟೇರಿಂಗ್ ಹಿಡಿದಿರೋದು ನನ್ ಕೈಯಲ್ವಾ?"

ಸಾಬರು ಫೋನಿಟ್ಟು ಗೊಣಗುತ್ತಿದ್ದರೆ, ಯಶೋದಾ ಟೀ ಲೋಟ ಎತ್ತಿದವಳು ಎತ್ತಿದ ಹಾಗೇ ಕೂತಿದ್ದಳು.

"ಏನಮ್ಮ, ಟೀಯಾಗೆ ನೊಣ ಬಿತ್ತಾ?"

"ಇಲ್ಲ ಚಾಚಾ. ನಾನೂ ಇದಕ್ಕೆ ನನ್ ಬಲಗೈನೇ ಹೇಳಿದೀನಿ."

"ಅರ್ಥ ಆಗೋ ಹಂಗೆ ಹೇಳು ಮಗಳೆ."

ಅವಳು ಅವರ ಹೆಗಲ ಮೇಲಿನ ಟವೆಲನ್ನೇ ಎಳೆದು, ಮಡಚಿ ಮೇಜಿನ ಮೇಲೆ ಹಾಸಿದಳು. "ಇಲ್ಲಿ ದಪ್ಪ ಯಾವ ಕಡೆ? ಮೇಲಕ್ಕೆ. ಈಗ ನೋಡ್ರಿ." ಟವೆಲಿನ ಒಂದು ತುದಿಯನ್ನು ತಿರುಚಿದಳು. "ಇಲ್ಲಿ ಪದರ ಪಕ್ಕಕ್ಕೆ ತಿರುಗ್ತು. ದಪ್ಪಾನೂ ಪಕ್ಕಕ್ಕೆ ಹೋಯ್ತು. ನಾನೋ, ಬುಡದಿಂದ ತುದಿತಂಕ ಒಂದೇ ಮಾತು ಹೇಳ್ಬಿಟ್ಟೀನಿ, ಮೇಲಕ್ಕೆ ತೆಳ್ಳಗೆ ಮಾಡು ಅಂತ. ರೆಕ್ಕೆ ತುದೀಲಿ ತಿರುಚಿಕೊಂಡೈತಲ್ಲ, ಪಾಪ ಅದೇನು ಮಾಡ್ತೈತೆ?"

"ತೋಟಕ್ಕೆ ನುಗ್ತೈತೆ" ಎಂದರು ಸಾಬರು. "ಸರಿ, ಟವೆಲ್ ಕೊಡು. ಹೊಸದು."

ದಿಕ್ಕನ್ನು ಅವಳು ಶೆಡ್ಡಿನ ನೆಲಕ್ಕೆ ಹೋಲಿಸಿ ಹೇಳುವುದನ್ನು ಬಿಟ್ಟು, ಆಯಾ ಜಾಗದ ಪದರವನ್ನೇ ಕೇಳಿಕೋ ಎಂದು ತಿದ್ದಿದಳು. ಪರದೆಯ ಮೇಲೆ ಇಟ್ಟಿಗೆಗಳು ರೆಕ್ಕೆಯ ಜೊತೆ ತಾವೂ ಮೆಲ್ಲಗೆ ತಿರುಗುತ್ತಾ ತುದಿಯವರೆಗೂ ಕೂತವು. ಕೆಂಪು ಒಂದೂ ಉಳಿಯಲಿಲ್ಲ. ಆಮೇಲೆ ಗಾಳಿಯ ಭಾರ ಹೊರಿಸಿ ಲೆಕ್ಕಕ್ಕೆ ಬಿಟ್ಟಳು. ಇಬ್ಬರೂ ಆರಿದ ಟೀಯನ್ನೇ ಕುಡಿದರು. ಸಾಬರು ಪರದೆಯ ಕಡೆ ತಿರುಗಿಯೂ ನೋಡಲಿಲ್ಲ.

"ಚಾಚಾ, ತಡೀತೈತೆ."

"ಪೂರಾ ನೋಡಿದ್ಯಾ?"

"ಪೂರಾ. ಪಕ್ಕದ ಹಳೇ ಪದರಾನೇ ಮೊದ್ಲು ಸೋಲ್ತೈತೆ, ನಿಮ್ ತೇಪೆ ಅಲ್ಲ."

ಸಾಬರು ಈಗ ಪರದೆಯ ಕಡೆ ತಿರುಗಿದರು. "ನನ್ ಮೇಲಿನ ಪ್ರೀತಿಗೆ ಹೇಳ್ತಿಲ್ಲ ತಾನೆ?"

"ಪ್ರೀತಿಗೆ ಬಗ್ಗೋದಾಗಿದ್ರೆ ಈ ಲೆಕ್ಕ ಬೆಳಗ್ಗೆನೇ ಬಗ್ತಿತ್ತು."

ಕಳಿಸಿದ ಲೆಕ್ಕ ನೋಡಿದ ಕನಕರಾಜ್ ಫೋನಿನಲ್ಲಿ ಹೇಳಿದ್ದು ಎರಡೇ ಮಾತು: "ಲಾರಿಗೆ ಏರಿಸ್ರಿ."

ಲಾರಿಯೂ ಅಷ್ಟರಲ್ಲಿ ಹುಡುಕಿಕೊಂಡು ಬಂದಿತ್ತು. ಶೆಡ್ಡಿನೊಳಕ್ಕೆ ಹಿಮ್ಮುಖವಾಗಿ ಬರಬೇಕು. ಸಾಬರು ಮುಂದೆ ಬಂದು, "ಬಲಕ್ಕೆ ತಗಳಪ್ಪಾ" ಎಂದು ಶುರು ಮಾಡಿದರು.

"ಬಾಯಲ್ಲಿ ಬ್ಯಾಡ ಸಾಬ್ರೆ" ಎಂದ ಮರುಳಸಿದ್ದಪ್ಪ, ಕಿಟಕಿಯಿಂದ ತಲೆ ಹೊರಗೆ ಹಾಕಿ. "ಕೈಯಾಗೆ ತೋರಿಸ್ರಿ."

ಸಾಬರು ಬಲಗೈ ಎತ್ತಿದರು. ಲಾರಿ ಆ ಕೈಯನ್ನೇ ನೋಡುತ್ತಾ ಹಿಂದಕ್ಕೆ ಬಂತು, ಇನ್ನಷ್ಟು ಬಂತು, ಪ್ಲಾಸ್ಟಿಕ್ ಸ್ಟೂಲನ್ನು ಚಕ್ರದಡಿ ಚಪ್ಪಟೆ ಮಾಡಿ, ರೆಕ್ಕೆಯ ಪಕ್ಕಕ್ಕೆ ಸರಿಯಾಗಿ ನಿಂತಿತು.