ಹಡಗಿಗೆ ಎರಡು ಬಟನ್

ಮೂರು ವರ್ಷ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಟ್ಟಿದ ವಿಡಿಯೋ ಗೇಮನ್ನು ಆಡಲು ಕೂತವರೆಲ್ಲ ಸ್ವಲ್ಪ ಹೊತ್ತಿಗೇ ಎದ್ದು ಹೋಗುತ್ತಿದ್ದರು. ಹಳೆಯ ಬಂದರಿನ ಒಂದು ವ್ಯಾಪಾರಿ ಮನೆ. ಆಡುವವರು ಆ ಮನೆಯ ಹೆಂಗಸಾಗಿ ಸರಕು, ಗಾಳಿ, ನೆಂಟರು, ಜಗಳ ಎಲ್ಲವನ್ನೂ ಸಂಭಾಳಿಸಬೇಕು. ಗೇಮ್ ಆಡಿ ಗೊತ್ತಿಲ್ಲದವರಿಗೂ ಹಿಡಿಸುವ ಹಾಗಿದ್ದರೆ ಮಾತ್ರ ಬಿಡುಗಡೆ ಎಂದು ಪ್ರಕಾಶಕರು ಖಡಾಖಂಡಿತವಾಗಿ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಜನರಿಗೆ ತಾಳ್ಮೆ ಇಲ್ಲದಿದ್ದರೆ ಅದು ನನ್ನ, ಈ ಸುಹೈಲಾಳ ತಪ್ಪೇ?

ಬಿಜೈಯಲ್ಲಿರುವ ನಮ್ಮ ಪುಟ್ಟ ಆಫೀಸಿನಲ್ಲಿ ಜೊತೆಗಾರ ಅಕ್ಷಿತ್ ತಣ್ಣಗೆ ಬುದ್ಧಿ ಹೇಳಿದ. ಗೇಮ್ ಕಷ್ಟವಿರುವುದು ದೋಷವಲ್ಲವಂತೆ. ಮೊದಲ ದೃಶ್ಯದಲ್ಲೇ ಗಂಡ ಹೇಳದೆ ಕೇಳದೆ ಹಡಗು ಹತ್ತುತ್ತಾನೆ, ಆಡುವವರ ಕೈಯಲ್ಲಿ ಏನೂ ಇಲ್ಲ, ಅಲ್ಲೇ ಅವರ ಮನಸ್ಸು ಮುರಿಯುತ್ತದಂತೆ.

ಆ ದೃಶ್ಯ ನನ್ನ ತಂದೆಯದು, ನನ್ನ ಉಪ್ಪನದು. ನಾನು ಚಿಕ್ಕವಳಿದ್ದಾಗ, ಮಲಗಿದ್ದ ನನಗೆ ಒಂದು ಮಾತೂ ಹೇಳದೆ ದುಬೈಗೆ ದುಡಿಯಲು ಹೋದವರು ಅವರು. ಅವರ ಫೋನ್ ಬಂದರೆ ನಾನು ಎದ್ದು ಹೋಗುತ್ತಿದ್ದೆ. ಅಲ್ಲೇ ತೀರಿಕೊಂಡರು, ನನ್ನ ಸಿಟ್ಟು ಇಳಿಯಲಿಲ್ಲ. ಆದರೂ ಹಠ ಬಿಟ್ಟು, ಗಂಡನಿಗೆ ಹೇಳಲು ಎರಡು ಬಟನ್ ಇಟ್ಟೆ: ‘ನಿಲ್ಲಿ’, ‘ಹೋಗಿ’. ಪರೀಕ್ಷೆಗೆ ಬಂದವರೆಲ್ಲ ‘ನಿಲ್ಲಿ’ ಒತ್ತಿ, ಸಂಜೆಯವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ.

ಇನ್ನು ಗೇಮ್ ಎಂದರೇನೆಂದೇ ಗೊತ್ತಿಲ್ಲದವರು ಬೇಕು ಎಂದ ಅಕ್ಷಿತ್. ಬೋಳಾರದ ಮನೆಯಿಂದ ನನ್ನ ತಾಯಿ ಸೌದಾರನ್ನು ಕರೆತಂದು ಕೂರಿಸಿದೆ. ಗಂಡನ ಪಾತ್ರಕ್ಕೆ ಹೆಸರು ಬರೆಯಿರಿ ಎಂದಾಗ ಉಮ್ಮ ನಾಚಿ ಖಾಲಿ ಬಿಟ್ಟರು. ಗಂಡನ ಹೆಸರು ಹೇಳುವ ರೂಢಿ ಅವರಿಗಿಲ್ಲ, ಯಾವಾಗಲೂ ‘ಇವರು’ ಎಂದೇ ಅನ್ನುವುದು. ಮೌಸ್ ಹಿಡಿಯಲು ಪರದಾಡಿದರು. ಹಡಗಿನ ದೃಶ್ಯ ಬಂದದ್ದೇ ತಡ, ಒಂದು ಕ್ಷಣವೂ ಯೋಚಿಸದೆ ‘ಹೋಗಿ’ ಒತ್ತಿದರು.

ಕೈತಪ್ಪಿ ಆಗಿರಬೇಕೆಂದು ಆ ದೃಶ್ಯವನ್ನು ಹಿಂದಕ್ಕೆ ತಂದುಕೊಟ್ಟೆ. ಮತ್ತೆ ಅದನ್ನೇ ಒತ್ತಿದರು.

“ಎಂತಕ್ಕೆ ಉಮ್ಮ?”

“ಆವತ್ತು ಇವರು ಹೋಗುವುದಿಲ್ಲ ಅಂತ ಅಡುಗೆಮನೆಯಲ್ಲಿ ಕೂತಿದ್ರು. ನಿನ್ನನ್ನು ಎಬ್ಬಿಸಿದ್ರೆ ಇವರ ಕಾಲು ಏಳ್ಲಿಕ್ಕಿಲ್ಲ ಅಂತ ನಾನೇ ಎಬ್ಬಿಸ್ಲಿಲ್ಲ. ಬ್ಯಾಗ್ ಹೊರಗೆ ಇಟ್ಟದ್ದೂ ನಾನೇ.”

ಇಷ್ಟು ವರ್ಷ ಯಾಕೆ ಮುಚ್ಚಿಟ್ಟಿರಿ ಎಂದು ಕೇಳಿದ್ದು ನನ್ನ ದನಿಯೇ ಹೌದೋ ಅಲ್ಲವೋ ತಿಳಿಯಲಿಲ್ಲ.

“ಹೇಳ್ತೇನೆ ಅಂತ ನಾನು ಎಷ್ಟೋ ಸಲ ಅಂದೆ. ಇವರೇ ಬೇಡ ಅಂದ್ರು. ‘ಮಗು ಇರುವುದು ನಿನ್ನ ಹತ್ರ, ಸಿಟ್ಟು ನನ್ನ ಮೇಲೆಯೇ ಇರ್ಲಿ’ ಅಂದ್ರು.”

ಉಮ್ಮ ಮೌಸ್ ಬಿಟ್ಟು ಶಾಲಿನ ತುದಿಯಿಂದ ಕೈ ಒರೆಸಿಕೊಂಡರು. ಅವರಿಗೆ ಬೈಯಬೇಕೆಂದೇ ನಾನು ಬಾಯಿ ತೆರೆದೆ. ‘ಉಪ್ಪಾ’ ಎಂಬುದಷ್ಟೇ ಹೊರಗೆ ಬಂತು.