ಹಾಡುಹಗಲೇ ಅರಚೋ ಕಾರು

“ಅಮ್ಮ ಕಾರನ್ನ ಮಾವನಿಗೆ ಕೊಟ್ಟೇಬಿಡ್ತಾಳಂತೆ ಅಪ್ಪಾ! ಇವತ್ತೇ! ಸಾಯಂಕಾಲ ಬಂದು ತಗೊಂಡು ಹೋಗ್ತಾರಂತೆ, ಈಗ ತಾನೇ ಮಾವನೇ ಫೋನಲ್ಲಿ ಹೇಳಿದ್ರು!”

ಇಷ್ಟನ್ನೂ ಅವಳು ಕಿರುಚಿದ್ದು ಪಿಸುಮಾತಲ್ಲಿ. ಆ ಮನೇಲಿ ಹಗಲು ಹೊತ್ತು ಕಿರುಚಬೇಕು ಅನ್ನಿಸಿದ್ರೆ ಪಿಸುಮಾತಲ್ಲೇ ಕಿರುಚಬೇಕು. ಅಮ್ಮ ಆಸ್ಪತ್ರೇಲಿ ಹಸುಗೂಸುಗಳ ವಾರ್ಡಿನ ರಾತ್ರಿ ಪಾಳಿ ನರ್ಸು. ಎಲ್ಲರ ಹಗಲೇ ಅವಳ ರಾತ್ರಿ. ಹಾಗಾಗಿ ಅಲ್ಲಿ ಯಾರೂ ಬಾಗಿಲು ದಬ್ಬಲ್ಲ, ಕುರ್ಚಿ ಎಳೆಯಲ್ಲ. ಅಪ್ಪನಂತೂ ಫ್ರಿಜ್ಜಿನ ಬಾಗಿಲನ್ನೂ ಮಗು ಮಲಗಿಸಿದ ಹಾಗೆ ಮುಚ್ತಾರೆ. ಮಗಳೊಬ್ಬಳೇ ಒಂದು ಕಡೆ ನಿಲ್ಲೋಳಲ್ಲ. ಅದಕ್ಕೇ ಅವಳಿಗೆ ಗಿರಗಿಟ್ಲೆ ಅಂತ ಹೆಸರು.

“ಕೊಡದೆ ಇನ್ನೇನು ಮಾಡ್ತಾಳೆ?” ಅಂದ್ರು ಅಪ್ಪ, ಅವರೂ ಪಿಸುಮಾತಲ್ಲೇ. “ಭಾನುವಾರದಿಂದ ಸರಿಯಾಗಿ ನಿದ್ದೆ ಇಲ್ಲ ಅವಳಿಗೆ. ಅವಳು ಕಣ್ಣು ಮುಚ್ಚಿದ ತಕ್ಷಣ ಅದು ಬಾಯಿ ತೆಗೆಯುತ್ತೆ.”

ಅದು ಅಂದ್ರೆ ಕಾರಿನ ಅಲಾರ್ಮು. ಕಾರಿನ ಜೊತೆ ಬಂದಿದ್ದಲ್ಲ, ಆಮೇಲೆ ಹಾಕಿಸಿದ್ದು. ಮನೆಯೊಳಗಿಂದಲೇ ರಿಮೋಟು ಒತ್ತಿದ್ರೆ ಹೊರಗೆ ಕಾರು ತಾನೇ ಸ್ಟಾರ್ಟ್ ಆಗಿ, ಅಮ್ಮ ಚಪ್ಪಲಿ ಮೆಟ್ಟೋ ಹೊತ್ತಿಗೆ ಬೆಚ್ಚಗಾಗಿರ್ತಿತ್ತು. ಈಗ ರಿಮೋಟಲ್ಲಿ ಸ್ಟಾರ್ಟ್ ಅಂದ್ರೆ ಆಗಲ್ಲ, ಕೀ ತಿರುಗಿಸಿಯೇ ಹೊರಡಬೇಕು; ಸುಮ್ಮನಿರು ಅಂದ್ರೆ ಇರಲ್ಲ. ರಸ್ತೇಲಿ ಒಂದು ಲಾರಿ ಹೋದ್ರೆ ಸಾಕು, ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಅರಚೋಕೆ ಶುರು. ಕಿತ್ತು ಬಿಸಾಕೋಣ ಅಂದ್ರೆ ಅದರ ತಂತಿಗಳು ಇಂಜಿನ್ ಸ್ಟಾರ್ಟ್ ಮಾಡೋ ತಂತಿಗೇ ಸುತ್ತಿಕೊಂಡಿವೆ.

“ಕಾರು ಹೋದ್ರೆ ಅಮ್ಮ ರಾತ್ರಿ ಆ ಹೊತ್ತಲ್ಲಿ ಹೇಗೆ ಹೋಗ್ತಾಳೆ? ಬಸ್ಸೇ ಇಲ್ವಲ್ಲ?”

“ರಾತ್ರಿ ಪಾಳಿ ಬಿಟ್ಟುಬಿಡ್ತಾಳಂತೆ. ಹಗಲು ಆಸ್ಪತ್ರೆ ಚೀಟಿ ಕೊಡೋ ಕೌಂಟರಲ್ಲಿ ಕೂರ್ತೀನಿ ಅಂದ್ಲು.”

ಗಿರಗಿಟ್ಲೆ ರಿಮೋಟು ಕೈಗೆ ತಗೊಂಡ್ಲು. ಮುಷ್ಟಿಯಷ್ಟಿರೋ ಕೂಸು ಮೊದಲ ಸಲ ತಾನೇ ಹಾಲು ಕುಡಿದ್ರೆ ಮನೆಗೆ ಬಂದು ಕುಣಿಯೋ ಅಮ್ಮ, ಕೌಂಟರಲ್ಲಾ? ಚೀಟಿ ಹರಿದು ಕೊಟ್ಕೊಂಡಾ?

“ಮಾವ ಬರೋದ್ರೊಳಗೆ ಇದನ್ನ ಸರಿ ಮಾಡ್ತೀನಿ,” ಅಂದ್ಲು.

“ನಿನಗೇನು ಗೊತ್ತು ಅಂತ ಮಾಡ್ತೀಯೇ?”

“ಗೊತ್ತಿಲ್ಲ. ಆದ್ರೂ ಮಾಡ್ತೀನಿ.”

ಮೊದಲು ರಿಮೋಟಿಗೆ ಹೊಸ ಸೆಲ್ ಹಾಕಿದ್ಲು. ಊಹೂಂ. ಆಮೇಲೆ ಸ್ಟೀರಿಂಗ್ ಕೆಳಗೆ ತಲೆಕೆಳಗಾಗಿ ನುಗ್ಗಿ, ಅಲುಗಾಟ ಹಿಡಿಯೋ ಸೆನ್ಸರನ್ನ ಹುಡುಕಿ, ಸ್ಕ್ರೂಡ್ರೈವರಲ್ಲಿ ಪೂರ್ತಿ ತಗ್ಗಿಸಿದ್ಲು. ಹೊರಗೆ ಬಂದು ಲಾಕ್ ಮಾಡಿ, ಗೆದ್ದೆ ಅಂತ ಅಪ್ಪನ ಕಡೆ ಹೆಬ್ಬೆರಳು ಎತ್ತೋ ಅಷ್ಟರಲ್ಲಿ ನೀರಿನ ಟ್ಯಾಂಕರ್ ಹೋಯ್ತು. ಕಾರು ಬೀದಿಗೇ ಕೇಳೋ ಹಾಗೆ ಬಾಯಿ ಬಡ್ಕೊಳ್ತು. ಮೇಲಿನ ಕೋಣೆಯಿಂದ ಅಮ್ಮನ ದನಿ ಬಂತು: “ರೀ, ನನ್ನ ತಮ್ಮನಿಗೆ ಸ್ವಲ್ಪ ಬೇಗ ಬಾ ಅನ್ನಿ!”

ಗಿರಗಿಟ್ಲೆ ಅಲಾರ್ಮು ಆಫ್ ಮಾಡಿ, ಅದನ್ನ ಹಾಕಿಕೊಟ್ಟ ಮೆಕ್ಯಾನಿಕ್ಕಿಗೆ ಫೋನ್ ಹಚ್ಚಿದ್ಲು.

“ಮುಂದಿನ ವಾರ ತಗೊಂಡು ಬಾಮ್ಮ,” ಅಂದ ಅವನು.

“ಮುಂದಿನ ವಾರಕ್ಕೆ ಕಾರೇ ಇರಲ್ಲ ಅಂಕಲ್! ಈಗಲೇ ಹೇಳಿ, ಪ್ಲೀಸ್ ಪ್ಲೀಸ್ ಪ್ಲೀಸ್.”

“ಅಯ್ಯೋ, ಆಯ್ತು ಮಾರಾಯ್ತಿ. ಸ್ಟಾರ್ಟ್ ಬಟನ್ ಒತ್ತು. ಇಂಜಿನ್ ಬರದಿದ್ರೆ ಲೈಟು ಎಷ್ಟು ಸಲ ಮಿಣುಕುತ್ತೆ ನೋಡು.”

ಒತ್ತಿದ್ಲು. “ಐದು.”

“ಹಾಗಾದ್ರೆ ಬಾನೆಟ್ ತೆಗೆದಿದೆ. ಬಾನೆಟ್ ತೆಗೆದಿದ್ರೆ ಅದು ಸ್ಟಾರ್ಟ್ ಆಗಲ್ಲ, ಕಳ್ಳ ಬಂದ ಅಂತ ಬೇರೆ ಕೂಗುತ್ತೆ.”

“ಮುಚ್ಚಿದೆ ಅಂಕಲ್, ನನ್ನ ಕಣ್ಣೆದುರಿಗೇ ಇದೆ!”

“ನಿನ್ನ ಕಣ್ಣು ಆ ಕಡೆ ಇರ್ಲಿ, ಕಾರು ಏನನ್ನುತ್ತೆ ಕೇಳು. ಒಳಗೆ ಬಾನೆಟ್ ಬಂದು ಒತ್ತೋ ಪುಟ್ಟ ಪಿನ್ನಿದೆ. ಅದನ್ನ ನೋಡು. ಮತ್ತೆ ಹುಷಾರು, ಕೈ ಒಳಗಿದ್ದಾಗ ರಿಮೋಟು ಹತ್ರಾನೂ ಇರಬಾರದು.”

ರಿಮೋಟನ್ನ ಕಿಟಕಿ ಮೇಲಿಟ್ಟು, ಬಾನೆಟ್ ತೆಗೆಯೋ ಹಿಡಿ ಎಳೆದ್ಲು. ಮತ್ತೆ ಎಳೆದ್ಲು. ಅಲ್ಲೇ ನಿಂತ್ಲು. ಯಾವಾಗ್ಲೂ ಎಳೆದ ತಕ್ಷಣ ಮುಂದೆ ‘ಟಕ್’ ಅಂತ ಬಾನೆಟ್ ಮೇಲೆ ಪುಟಿಯುತ್ತೆ. ಇವತ್ತು ಟಕ್ಕೂ ಇಲ್ಲ, ಪಕ್ಕೂ ಇಲ್ಲ. ಆಗಲೇ ಮೇಲೆದ್ದಿರೋದು ಇನ್ನೆಲ್ಲಿ ಪುಟಿಯುತ್ತೆ? ಬಗ್ಗಿ ಅಂಚು ನೋಡಿದ್ಲು. ಸಂದಿಯಲ್ಲಿ ಬೆರಳು ಸಲೀಸಾಗಿ ನುಗ್ತು.

“ಅಪ್ಪಾ. ಭಾನುವಾರ ಗಾಜು ತೊಳೆಯೋ ನೀರು ತುಂಬಿಸಿದ್ದು ಯಾರು?”

“ನಾನೇ. ಯಾಕೆ?”

“ಬಾನೆಟ್ ಹೇಗೆ ಮುಚ್ಚಿದ್ರಿ?”

ಅಪ್ಪ ಎರಡೂ ಕೈ ಗಾಳಿಯಲ್ಲಿ ಇಳಿಸಿ ತೋರಿಸಿದ್ರು, ಥೇಟ್ ತೊಟ್ಟಿಲಿಗೆ ಮಗು ಹಾಕಿದ ಹಾಗೆ. ತೋರಿಸ್ತಾ ತೋರಿಸ್ತಾ ಅವರಿಗೇ ಹೊಳೀತು. ಬಾನೆಟ್ಟಿಗೆ ಎರಡು ಹಂತ. ಅದು ಮೊದಲನೇ ಕೊಕ್ಕೆಗೆ ಮಾತ್ರ ಸಿಕ್ಕಿಕೊಂಡಿತ್ತು. ಪಿನ್ನನ್ನ ಸರಿಯಾಗಿ ಒತ್ತೋ ಮಟ್ಟಕ್ಕೆ ಇಳಿದಿರಲಿಲ್ಲ; ಲಾರಿ ಹೋದಾಗ ಬಾನೆಟ್ ಅಲುಗಿದ್ರೆ ಸಾಕು, ಅಲಾರ್ಮಿಗೆ ಕಳ್ಳ ಬಂದ ಹಾಗೆ.

“ಅವಳು ಹೀಗೇ ಓಡಿಸ್ಕೊಂಡು ಹೋಗಿದ್ದಾಳಾ?” ಅಪ್ಪ ಮೆಟ್ಟಿಲ ಮೇಲೆ ಕುಸಿದು ಕೂತ್ರು. “ರಸ್ತೇಲಿ ಅದು ಎದ್ದು ಗಾಜಿಗೆ ಬಡಿದಿದ್ರೆ?”

“ಬಡಿದಿಲ್ಲ ಅಪ್ಪಾ. ಏಳಿ. ಈಗ ಸರಿಯಾಗಿ ಮುಚ್ಚಿ. ಮೇಲಿಂದ ಬಿಡಬೇಕು, ಧಡ್ ಅಂತ.”

“ಈಗಲಾ? ಅವಳಿಗೆ ಈಗ ತಾನೇ ಕಣ್ಣು ಹತ್ತಿರುತ್ತೆ ಕಣೇ.”

“ಒಂದು ಧಡ್ ಅಪ್ಪಾ. ಆಮೇಲೆ ಎಷ್ಟು ಬೇಕಾದ್ರೂ ಮಲಗ್ಲಿ.”

ಅಪ್ಪ ಬಾನೆಟ್ ಎತ್ತಿದ್ರು, ಉಸಿರು ಬಿಗಿ ಹಿಡಿದ್ರು, ಬಿಟ್ರು. ಆದ್ರೆ ಕೊನೇ ಗಳಿಗೇಲಿ ಪಾಪ ಆ ಕೈಗಳು ಮತ್ತೆ ಕೆಳಗೆ ಹೋಗಿ ಹಿಡ್ಕೊಂಡುಬಿಟ್ವು. ಎರಡನೇ ಸಲವೂ ಅದೇ ಕಥೆ.

“ಪಕ್ಕಕ್ಕೆ ಬನ್ನಿ,” ಅಂದ್ಲು ಗಿರಗಿಟ್ಲೆ. ಮೊಣಕೈ ಉದ್ದ ಎತ್ತಿ, ಕಣ್ಣು ಮುಚ್ಚಿ, ಕೈ ಬಿಟ್ಲು.

ಧಡ್!

ಆ ಮನೇಲಿ ವರ್ಷಗಳಿಂದ ಅಂಥ ಸದ್ದಾಗಿರಲಿಲ್ಲ. ತಂತಿ ಮೇಲಿನ ಕಾಗೆಗಳೆಲ್ಲ ಹಾರಿಹೋದ್ವು. ಅವಳು ಓಡಿಹೋಗಿ ರಿಮೋಟು ತಂದು, ಕಾರು ಲಾಕ್ ಮಾಡಿ, ಹಿಂದೆ ಸರಿದು ಸ್ಟಾರ್ಟ್ ಒತ್ತಿದ್ಲು. ಲೈಟು ಒಂದೇ ಸಲ ಮಿಣುಕ್ತು. ಆಮೇಲೆ ಇಂಜಿನ್ನು, ಏನೂ ಆಗೇ ಇಲ್ವೇನೋ ಅನ್ನೋ ಹಾಗೆ, ಗುರ್ ಅಂತು.

ಅಮ್ಮ ಕೆದರಿದ ಕೂದಲಲ್ಲೇ ಬಾಗಿಲಿಗೆ ಬಂದಿದ್ಲು. “ಯಾರು ಏನು ಬೀಳಿಸಿದ್ರಿ?”

ಗಿರಗಿಟ್ಲೆ ರಸ್ತೆ ಕಡೆ ಬೆರಳು ತೋರಿಸಿದ್ಲು. ದೊಡ್ಡ ಲಾರಿ ಒಂದು ಬಂತು. ಮೂವರೂ ಕಾರನ್ನೇ ನೋಡ್ತಾ ನಿಂತ್ರು. ಲಾರಿ ಹೋಯ್ತು. ಕಾರು ಗಪ್‌ಚಿಪ್.

ನಡೆದದ್ದೆಲ್ಲ ಕೇಳಿದ ಮೇಲೆ ಅಮ್ಮ ಅಪ್ಪನನ್ನ ಮೇಲಿಂದ ಕೆಳಗೆ ನೋಡಿದ್ಲು. “ನನ್ನ ನಿದ್ದೆ ಕಾಯೋಕೆ ಹೋಗಿ ನನ್ನ ನಿದ್ದೆ ಕೆಡಿಸಿದ್ರಾ?” ಅಂತ ಬೈಯೋಕೆ ಹೊರಟವಳು ಬೈಯೋ ಮೊದಲೇ ನಕ್ಕುಬಿಟ್ಲು.

ಆಗಲೇ ಮಾವ ಗೇಟು ತೆಗೆದು, “ಎಲ್ಲಿ ಅಕ್ಕ ಕೀ?” ಅಂದ್ರು.

“ಕೀ ಇಲ್ಲ ಕಣೋ. ಟೀ ಕುಡಿದು ಹೋಗು.” ಅಮ್ಮ ರಿಮೋಟು ಇಸ್ಕೊಂಡು, ಮಗಳ ಕಪ್ಪಾದ ಬೆರಳುಗಳನ್ನ ತನ್ನ ಸೆರಗಲ್ಲೇ ಒರೆಸಿದ್ಲು. “ನೀನು ಕಲಿಯೋರ ಲೈಸೆನ್ಸ್ ಮಾಡಿಸ್ಕೊಂಡು ಸುಮ್ಮನೆ ಇಟ್ಟಿದ್ದೀಯಲ್ಲ, ಎಲ್ಲಿದೆ ಅದು?”

“ಪರ್ಸಲ್ಲಿ! ಯಾಕಮ್ಮಾ? ಯಾಕೆ?”

“ನಾಳೆ ಬೆಳಿಗ್ಗೆ ಏಳಕ್ಕೆ ನನ್ನ ಪಾಳಿ ಮುಗಿಯುತ್ತೆ. ಲೈಸೆನ್ಸ್ ತಗೊಂಡು ಬೆಳಗಿನ ಬಸ್ಸಲ್ಲಿ ಆಸ್ಪತ್ರೆ ಗೇಟ್ ಹತ್ರ ಬಾ. ವಾಪಸ್ ಬರೋವಾಗ ನಾನು ಪಕ್ಕದಲ್ಲಿ ಕೂರ್ತೀನಿ, ಕಾರು ನೀನೇ ಓಡಿಸು.”